ಬಾಳೆಹಣ್ಣಿನ ಸಾಲು

ನಮ್ಮ ಮನೆಯ ಗೇಟಿಗೆ ನೇತುಹಾಕುವ ತಗಡಿನ ಬೋರ್ಡಿನ ಮೇಲಿರುವ ಅಕ್ಷರ ನನ್ನದು. ಹೈಸ್ಕೂಲಿನಲ್ಲಿದ್ದಾಗ ನನ್ನ ಬರವಣಿಗೆ ಚೆನ್ನಾಗಿದೆಯೆಂದು ಅಪ್ಪ ಬಿಳಿ ಬಣ್ಣ ಹೊಡೆಸಿದ ತಗಡೊಂದನ್ನು, ಕೆಂಪು ಬಣ್ಣದ ಸಣ್ಣ ಡಬ್ಬಿಯನ್ನು ಅಂಗಡಿಯಿಂದ ತಂದುಕೊಟ್ಟಿದ್ದರು. ‘ಮನೆ ಬಾಡಿಗೆಗೆ ಇದೆ’ ಎಂಬುದು ಮೊದಲ ಸಾಲು. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬುದು ಎರಡನೆಯದು. ಎರಡನೆಯ ಸಾಲನ್ನು ಅವ್ವ ಪಕ್ಕದಲ್ಲಿ ನಿಂತು ಹೇಳಿ ಬರೆಸಿದಳು. ದಾವಣಗೆರೆಯ ಎಸ್.ಎಸ್. ಬಡಾವಣೆಯ ನಮ್ಮ ಬೀದಿಯಲ್ಲಿ ಅಂಥ ಬೋರ್ಡು ಇಲ್ಲದ ಮನೆ ಕಡಿಮೆ. ಅದರಲ್ಲಿ ಯಾರಿಗಾದರೂ ನೋವಾಗುವಂಥದ್ದೇನಾದರೂ ಇರಬಹುದೆಂದು ಆಗ ನನಗೆ ಹೊಳೆದಿರಲಿಲ್ಲ. ಸಾಲು ಸೊಟ್ಟಗಾಗಬಾರದೆಂದು ಪೆನ್ಸಿಲ್ಲಿನಿಂದ ಗೆರೆ ಎಳೆದುಕೊಂಡಿದ್ದು ಮಾತ್ರ ನೆನಪಿದೆ.

ಮಹಡಿಯ ಮೇಲಿನ ಎರಡು ಕೋಣೆಯ ಮನೆ ಒಮ್ಮೆ ಆರು ತಿಂಗಳು ಖಾಲಿ ಬಿತ್ತು. ಕೊನೆಗೆ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು. ಗಂಡ ಸರಕಿನ ಆಟೋ ಓಡಿಸುತ್ತಾನೆ, ತಾನು ಮನೆಯಲ್ಲೇ ಬ್ಲೌಸು ಹೊಲಿಯುತ್ತೇನೆ ಎಂದಳು. ಅವ್ವ ತನ್ನ ಪ್ರಶ್ನೆ ಕೇಳಿದಳು.

“ನೀವೇನವ್ವ, ತಿನ್ನೋ ಪೈಕೀನಾ?”

ಇಂಥ ಪ್ರಶ್ನೆಗೆ ಮನೆ ಬೇಕಾದವರು ಸಾಮಾನ್ಯವಾಗಿ ಸುಳ್ಳು ಹೇಳುತ್ತಾರೆ. ಅವಳು ಹೇಳಲಿಲ್ಲ.

“ತಿಂತೀವ್ರಿ ಅಕ್ಕಾರೆ. ಆದ್ರೆ ಈ ಮನ್ಯಾಗೆ ಮಾಡಲ್ಲ, ತರಲ್ಲ. ತಿನ್ನಬೇಕು ಅನಿಸಿದ್ರೆ ಹರಿಹರದಾಗೆ ನಮ್ಮವ್ವನ ಮನೆ ಐತೆ, ಅಲ್ಲಿಗೆ ಹೋಗಿ ತಿಂದು, ಜಳಕ ಮಾಡ್ಕೊಂಡು ಬರ್ತೀವಿ.”

“ಮೊಟ್ಟೆ?”

“ಮೊಟ್ಟೇನೂ ಇಲ್ರಿ. ಮಾತು ಅಂದ್ರೆ ಮಾತು.”

ಆ ನೇರ ಉತ್ತರ ಅವ್ವನಿಗೆ ಹಿಡಿಸಿತು. ಖಾಲಿ ಬಿದ್ದ ಮನೆಯ ಬೇಸರವೂ ಇತ್ತು. ಮುಂದಿನ ವಾರವೇ ಅವರು ಬಂದರು.

ಅವಳು ಆ ಮಾತು ಕೊಡುವಾಗ ನಾನು ಒಳಗಿನ ಕೋಣೆಯಲ್ಲಿದ್ದೆ. ನನ್ನ ಮೇಜಿನ ಕೆಳಗೆ, ಹಳೆಯ ನೋಟ್ಸುಗಳ ಹಿಂದೆ, ಕರೆಂಟಿನ ಕೆಟಲ್ ಇತ್ತು. ಅದರಲ್ಲಿ ಆ ದಿನ ಬೆಳಗ್ಗೆ ನಾನು ಎರಡು ಮೊಟ್ಟೆ ಬೇಯಿಸಿಕೊಂಡು ತಿಂದಿದ್ದೆ.

ನಮ್ಮದು ಕೊರಳಿಗೆ ಲಿಂಗ ಕಟ್ಟಿಕೊಂಡ ಮನೆತನ. ಮಾಂಸವಿರಲಿ, ಮೊಟ್ಟೆ ಹಾಕಿದ ಕೇಕು ಕೂಡ ಹೊಸ್ತಿಲು ದಾಟಿಲ್ಲ. ನಾನು ಎಂ.ಎಸ್ಸಿ. ಮಾಡಲು ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಹೋದಾಗ ರಕ್ತ ಕಡಿಮೆಯಾಗಿದೆ, ಮೊಟ್ಟೆ ತಿನ್ನಿ ಎಂದು ಅಲ್ಲಿನ ಡಾಕ್ಟರು ಹೇಳಿದರು. ಕೋಣೆಯ ಗೆಳತಿ ಒಂದನ್ನು ಸೀಳಿ ಉಪ್ಪು, ಮೆಣಸಿನಪುಡಿ ಉದುರಿಸಿ ಕೊಟ್ಟಳು. ಮೊದಲ ದಿನ ಔಷಧಿಯೆಂದುಕೊಂಡು ಮೂಗು ಹಿಡಿದು ನುಂಗಿದೆ. ವಾರ ಕಳೆಯುವಷ್ಟರಲ್ಲಿ ಅದು ಔಷಧಿಯಾಗಿ ಉಳಿದಿರಲಿಲ್ಲ. ನನಗೆ ಅದು ಇಷ್ಟವಾಯಿತು. ರಕ್ತ ಸರಿಯಾದ ಮೇಲೂ ತಿಂದೆ. ಇದನ್ನು ಇಷ್ಟು ಸರಳವಾಗಿ ಒಪ್ಪಿಕೊಳ್ಳಲು ನನಗೆ ಹಲವು ವರ್ಷ ಹಿಡಿಯಿತು. ಅಷ್ಟೂ ವರ್ಷ ಡಾಕ್ಟರ ಮಾತನ್ನು ಗುರಾಣಿಯಂತೆ ಹಿಡಿದುಕೊಂಡಿದ್ದೆ, ಯಾರೂ ಕೇಳದಿದ್ದರೂ.

ಓದು ಮುಗಿಸಿ ಮನೆಗೆ ಮರಳಿ, ಹರಿಹರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿಯಾದೆ. ದಿನಾ ಬೆಳಗ್ಗೆ ದಾವಣಗೆರೆಯಿಂದ ಬಸ್ಸು, ಸಂಜೆ ವಾಪಸು. ವಾರದಲ್ಲಿ ಮೂರು ದಿನ ಬರುವಾಗ ಹರಿಹರದ ಬಸ್‌ಸ್ಟ್ಯಾಂಡಿನ ಬಳಿಯ ಅಂಗಡಿಯಲ್ಲಿ ಎರಡು ಮೊಟ್ಟೆ ಕೊಂಡು ಕರವಸ್ತ್ರದಲ್ಲಿ ಸುತ್ತಿ, ಊಟದ ಡಬ್ಬಿಯೊಳಗೆ ಇಟ್ಟುಕೊಳ್ಳುತ್ತಿದ್ದೆ. ಬೆಳಗ್ಗೆ ಅವ್ವ ಪೂಜೆಗೆ ಕೂತಾಗ ಕೋಣೆಯ ಬಾಗಿಲು ಹಾಕಿಕೊಂಡು ಕೆಟಲ್ ಹಚ್ಚುತ್ತಿದ್ದೆ. ಅವ್ವನ ಗಂಟೆಯ ಸದ್ದಿನಲ್ಲಿ ಅದರ ಸ್ವಿಚ್ಚು ಹಾರುವ ಟಕ್ ಎಂಬ ಸದ್ದು ಕೇಳುತ್ತಿರಲಿಲ್ಲ. ಮೊದಲೊಂದು ಊದಿನಕಡ್ಡಿ ಹಚ್ಚಿಡುತ್ತಿದ್ದೆ. ಅವ್ವ ಅದನ್ನು ಭಕ್ತಿ ಎಂದುಕೊಂಡಿದ್ದಳು.

ಕೋಳಿಯ ಭ್ರೂಣದ ಪಾಠ ಮಾಡುವಾಗ ಪ್ರತಿ ವರ್ಷವೂ ಯಾರಾದರೊಬ್ಬರು ಅದೇ ಪ್ರಶ್ನೆ ಕೇಳುತ್ತಾರೆ.

“ಮಿಸ್, ಮೊಟ್ಟೆ ವೆಜ್ಜೋ, ನಾನ್‌ವೆಜ್ಜೋ?”

“ಮಿಸ್‌ನ ಯಾಕ ಕೇಳ್ತೀಯಲೇ, ಅವ್ರು ಬೆಣ್ಣೆದೋಸೆ ಪಾರ್ಟಿ,” ಎಂದು ಕೊನೆಯ ಬೆಂಚು.

ಕ್ಲಾಸು ನಗುತ್ತದೆ. ನಾನು ಬೋರ್ಡಿನ ಕಡೆ ತಿರುಗಿ, ಹುಂಜದ ಸಂಪರ್ಕವಿಲ್ಲದ ಮೊಟ್ಟೆಯಲ್ಲಿ ಭ್ರೂಣ ಬೆಳೆಯುವುದಿಲ್ಲ ಎಂದು ವಿವರಿಸುತ್ತೇನೆ. ಮೊಟ್ಟೆಗಾಗಿ ಸಾಕುವ ತಳಿಗಳಲ್ಲಿ ಹುಂಜದ ಮರಿಗಳನ್ನು ಹುಟ್ಟಿದ ದಿನವೇ ಕೊಂದುಬಿಡುತ್ತಾರೆ ಎಂಬುದೂ ನನಗೆ ಗೊತ್ತು. ಅದು ಪಠ್ಯದಲ್ಲಿಲ್ಲ, ಹಾಗಾಗಿ ಹೇಳುವುದಿಲ್ಲ. ಎರಡೂ ಕಡೆಯ ವಾದ ತಿಳಿದವಳು ನಾನು. ತಿನ್ನುವಾಗ ಒಂದನ್ನು, ಮನೆಯವರ ಎದುರು ಕೂತಾಗ ಇನ್ನೊಂದನ್ನು ಬಳಸಿಕೊಂಡೆ.

ಸಿಪ್ಪೆಯದೇ ತೊಂದರೆಯಾಗಿತ್ತು. ಮೊದಮೊದಲು ಪೇಪರಿನಲ್ಲಿ ಸುತ್ತಿ ಹರಿಹರಕ್ಕೆ ಒಯ್ದು ಎಸೆಯುತ್ತಿದ್ದೆ. ಆಮೇಲೆ ಸೋಮಾರಿತನ ಬಂತು. ಮೆಟ್ಟಿಲ ತಿರುವಿನಲ್ಲಿ ಅವ್ವನ ಗುಲಾಬಿ ಕುಂಡ ಇತ್ತು. ಗುಲಾಬಿಗೆ ಸುಣ್ಣದ ಅಂಶ ಒಳ್ಳೆಯದು. ಸಿಪ್ಪೆ ಪುಡಿಮಾಡಿ ಕುಂಡದ ಅಂಚಿನಲ್ಲಿ ಮಣ್ಣು ಕೆದರಿ ಹೂಳತೊಡಗಿದೆ. ಆ ವರ್ಷ ಗಿಡ ಹಿಂದೆಂದೂ ಬಿಡದಷ್ಟು ಹೂ ಬಿಟ್ಟಿತು. ಅವ್ವ ದಿನವೂ ಮೊದಲ ಹೂವನ್ನು ಪೂಜೆಗೆ ಕಿತ್ತುಕೊಳ್ಳುತ್ತಿದ್ದಳು. ನಾನು ನೋಡುತ್ತಿದ್ದೆ.

ಮೇಲಿನ ಮನೆಯ ಹುಡುಗಿಗೆ ಆಗ ಎಂಟು ವರ್ಷ. ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆಂದು ಅವಳಮ್ಮ ನನ್ನನ್ನು ‘ಮಿಸ್’ ಎನ್ನುತ್ತಿದ್ದಳು. ಹುಡುಗಿ ಅದಕ್ಕೆ ಅಕ್ಕನನ್ನೂ ಸೇರಿಸಿ ‘ಮಿಸ್ಸಕ್ಕ’ ಮಾಡಿದಳು. ಸಂಜೆ ಮಗ್ಗಿ ಒಪ್ಪಿಸಲು ಕೆಳಗೆ ಬರುತ್ತಿದ್ದಳು. ಕೈಕಾಲು ಕಡ್ಡಿ. ಏಳರ ಮಗ್ಗಿ ಬಂದಾಗ ಯಾವಾಗಲೂ ಮಾತು ಬದಲಿಸುತ್ತಿದ್ದಳು.

“ಮಿಸ್ಸಕ್ಕ, ನಮ್ ಇಸ್ಕೂಲಾಗೆ ಊಟದ ಹೊತ್ತಿಗೆ ಎರಡು ಸಾಲು ಮಾಡ್ತಾರೆ ಗೊತ್ತಾ? ಮೊಟ್ಟೆ ತಿನ್ನೋರದ್ದು ಒಂದು, ಬಾಳೆಹಣ್ಣಿಂದು ಒಂದು. ನಾನು ಬಾಳೆಹಣ್ಣಿನ ಸಾಲು.”

“ಯಾಕೆ? ಮೊಟ್ಟೆ ಸೇರಲ್ವಾ ನಿಂಗೆ?”

“ಸೇರುತ್ತೆ! ಅಜ್ಜಿ ಮನ್ಯಾಗೆ ಎರಡೆರಡು ತಿಂತೀನಿ. ಇಸ್ಕೂಲಾಗೆ ಬ್ಯಾಡ ಅಂದಾಳೆ ಅಮ್ಮ. ತಿಂದು ಬಂದ್ರೆ ಬಾಯಿ ವಾಸನೆ ಬರುತ್ತಂತೆ, ನಿಮ್ಮವ್ವಾರಿಗೆ ಗೊತ್ತಾಗುತ್ತಂತೆ.”

“ಅಷ್ಟೆಲ್ಲ ಗೊತ್ತಾಗಲ್ಲ ಬಿಡೇ.”

“ನಿಮಗೆ ಹೆಂಗೆ ಗೊತ್ತು?” ಎಂದು ನಕ್ಕಳು.

ನಾನು ಏಳರ ಮಗ್ಗಿಗೆ ವಾಪಸಾದೆ. ಅವಳಮ್ಮನಿಗೆ ಹೋಗಿ, ಶಾಲೆಯಲ್ಲಿ ತಿನ್ನಲಿ ಬಿಡಿ, ಅವ್ವನಿಗೆ ನಾನು ಹೇಳುತ್ತೇನೆ ಎನ್ನಬಹುದಿತ್ತು. ಎನ್ನಲಿಲ್ಲ. ಮೊಟ್ಟೆಯ ಪರ ವಹಿಸಿ ಮಾತಾಡಿದರೆ ಎಲ್ಲಿ ನನ್ನ ಮೇಲೆ ಕಣ್ಣು ಬೀಳುತ್ತದೋ ಎಂಬ ಅಂಜಿಕೆ. ಹೀಗೆ ಆ ಹುಡುಗಿ ನಮ್ಮ ಮನೆಯ ನಿಯಮಕ್ಕಾಗಿ ಬಾಳೆಹಣ್ಣಿನ ಸಾಲಿನಲ್ಲಿ ನಿಂತಿರುವಾಗ, ಅದೇ ಮನೆಯ ಮಗಳು ಕೆಳಗೆ ಕೆಟಲ್ ಹಚ್ಚುತ್ತಿದ್ದಳು.

ಅವಳಮ್ಮನಿಗೂ ನನಗೂ ಒಂದು ಬಗೆಯ ಸಲಿಗೆ ಬೆಳೆದಿತ್ತು. ಒಮ್ಮೆ ನಮಗೆ ಎಮ್ಮೆ ಹಾಲು ಹಾಕುವವರು ಎರಡು ದಿನ ಬರಲಿಲ್ಲ. ಅವ್ವ ನನ್ನನ್ನು ಆನೆಕೊಂಡದ ಅವರ ಮನೆಗೆ ಕಳಿಸಿದಳು. ಮೇಲಿನ ಮನೆಯವಳೂ ಜೊತೆಗೆ ಬಂದಳು. ದನದ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಹೊತ್ತು. ಎಮ್ಮೆಯ ಮುಂದೆ ಒಂದು ಕರು ನಿಂತಿತ್ತು. ಹತ್ತಿರ ಹೋದಾಗ ಅದು ಕರುವಲ್ಲ ಎಂದು ಗೊತ್ತಾಯಿತು. ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಹೊಲಿದು, ನಾಲ್ಕು ಕೋಲಿನ ಮೇಲೆ ನಿಲ್ಲಿಸಿದ್ದರು. ಎಮ್ಮೆ ಅದರ ಬೆನ್ನು ನೆಕ್ಕುತ್ತಿತ್ತು. ನೆಕ್ಕಿದ ಜಾಗದಲ್ಲಿ ಕೂದಲು ಉದುರಿ ತೊಗಲು ಬೋಳಾಗಿತ್ತು. ಕೆಳಗೆ ಪಾತ್ರೆಯಲ್ಲಿ ಹಾಲು ಸೊರ್ ಸೊರ್ ಎಂದು ಬೀಳುತ್ತಿತ್ತು.

“ಗಂಡುಗರು ಆಗಿತ್ತಂತೆ,” ಎಂದಳು ಅವಳು ವಾಪಸು ಬರುವಾಗ. “ಗಂಡಿಗೆ ಹಾಲು ಯಾರು ಬಿಡ್ತಾರೆ, ಸೊರಗಿ ಹೋಗುತ್ತೆ. ಕರು ಕಾಣದಿದ್ರೆ ಎಮ್ಮೆ ಹಾಲಿನ ತೊರೆ ಬಿಡಲ್ಲ. ಅದಕ್ಕೆ ಈ ಆಟ. ನಮ್ಮೂರಾಗೂ ಮಾಡ್ತಿದ್ರು.”

ಹಾರ್ಮೋನು, ನರ, ತೊರೆ ಇಳಿಯುವ ಬಗೆ ಎಲ್ಲವನ್ನೂ ನಾನು ಓದಿದ್ದೆ.

“ನೋಡ್ರಿ ಮಿಸ್, ನಾವು ಕೋಳಿ ಕೊಯ್ತೀವಿ, ಅಷ್ಟಕ್ಕೇ ಮುಗೀತು. ನೀವು ಪಾಪ ಕೊಯ್ಯಲ್ಲ, ಬರೇ ದಿನಾ ಎರಡು ಹೊತ್ತು ಮೋಸ ಮಾಡ್ತೀರಿ.” ಹೇಳಿ ಜೋರಾಗಿ ನಕ್ಕಳು. ಕುಹಕದ ನಗೆಯಲ್ಲ, ಸಲಿಗೆಯದು. “ನಿಮ್ಮವ್ವಾರಿಗೆ ಹೇಳಬ್ಯಾಡ್ರಿ ಮತ್ತೆ. ನಾಳೆಯಿಂದ ಹಾಲು ಬಿಟ್ಟಾರು.”

ಹೇಳಲಿಲ್ಲ. ಆ ಸಂಜೆ ಅವ್ವ ಅದೇ ಹಾಲಿನ ಕಾಫಿ ಕೊಟ್ಟಳು, ಕುಡಿದೆ. ಕೆನೆ ದಪ್ಪಗಿತ್ತು.

ಮಳೆಗಾಲ ಶುರುವಾಗುವ ಮೊದಲು ಅವ್ವ ಗುಲಾಬಿ ಗಿಡವನ್ನು ದೊಡ್ಡ ಕುಂಡಕ್ಕೆ ಹಾಕಬೇಕೆಂದುಕೊಂಡಳು. ಅಂದು ಭಾನುವಾರ. ನಾನು ಅಡುಗೆಮನೆಯಲ್ಲಿ ದೋಸೆ ತಿನ್ನುತ್ತಿದ್ದೆ. ಮೆಟ್ಟಿಲ ಬಳಿಯಿಂದ ಅವ್ವನ ದನಿ ಬಂತು.

“ಏನವ್ವ, ಇಲ್ಲಿ ಬಾ ಕೆಳಗೆ! ಬಂದು ನೋಡು ಇದನ್ನ!”

ತಟ್ಟೆ ಹಿಡಿದುಕೊಂಡೇ ಹೊರಗೆ ಹೋದೆ. ಕುಂಡವನ್ನು ಹಳೆಯ ಚೀಲದ ಮೇಲೆ ಬೋರಲು ಹಾಕಿದ್ದಳು. ಕಪ್ಪು ಮಣ್ಣಿನ ತುಂಬ ಬಿಳಿ, ತಿಳಿಕಂದು ಚೂರುಗಳು. ಪುಡಿ ಮಾಡಿದ್ದೇನೆ ಎಂದುಕೊಂಡಿದ್ದೆ. ಅಷ್ಟೊಂದು ಪುಡಿಯಾಗಿರಲಿಲ್ಲ. ಮೇಲಿನ ಮನೆಯವಳು ಸೂಜಿ ಚುಚ್ಚಿದ ಸೆರಗಿನಲ್ಲೇ ಇಳಿದು ಬಂದಳು. ಹಿಂದೆ ಮಗಳು.

“ಈ ಗಿಡದ ಹೂವು ನಾನು ದಿನಾ ಲಿಂಗಕ್ಕೆ ಏರಿಸೀನಿ,” ಎಂದಳು ಅವ್ವ. ಸಿಟ್ಟಿಗಿಂತ ಅಳು ಹೆಚ್ಚಿತ್ತು ದನಿಯಲ್ಲಿ.

“ಅಕ್ಕಾರೆ, ದೇವರಾಣೆ ನಾವು ತಂದಿಲ್ರಿ. ಮಾತು ಕೊಟ್ಟೀವಿ ನಿಮಗೆ.”

“ಹಂಗಾದ್ರೆ ಕಾಗೆ ತಂದು ಹೂಳ್ತಾ? ಈ ಮನ್ಯಾಗೆ ಇರೋರು ಎಷ್ಟು ಮಂದಿ? ನಾನು ತಿಂತೀನಾ? ಇವಳಪ್ಪ ತಿಂತಾರಾ? ಇಲ್ಲಾ ನನ್ನ ಮಗಳು ತಿಂತಾಳಾ?”

ಅವಳು ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಅನುಮಾನ ಇದ್ದಿದ್ದರೆ ನನಗೆ ಬದುಕು ಸುಲಭವಾಗುತ್ತಿತ್ತು. ಇರಲಿಲ್ಲ.

“ಅಯ್ಯೋ, ಮಿಸ್ ಹೆಸರು ಯಾಕ್ ತೆಗೀತೀರಿ ಅಕ್ಕಾರೆ, ಪಾಪ,” ಎಂದಳು. ಆಮೇಲೆ ನಿಧಾನವಾಗಿ ಮಗಳ ಕಡೆ ತಿರುಗಿದಳು. “ಏನೇ, ಇಸ್ಕೂಲಿಂದ ತಂದು ತಿಂದ್ಯಾ?”

“ನಾನಲ್ಲ.”

ಅವಳ ರಟ್ಟೆ ಹಿಡಿದು ಮೇಲೆ ಎಳೆದುಕೊಂಡು ಹೋದಳು. ಬಾಗಿಲು ಹಾಕಿದರೂ ಕೇಳುತ್ತಿತ್ತು. ಒಂದು ಏಟು, “ನಾನಲ್ಲಮ್ಮ.” ಮತ್ತೊಂದು, “ನಾನಲ್ಲ, ನಾನಲ್ಲ.” ಮತ್ತೆ ಏಟಿನ ಸದ್ದು. ಆಗ ಆ ಹುಡುಗಿ ಹೇಳಿದಳು: “ನಾನೇ.”

ಅವ್ವ ಮೆಟ್ಟಿಲ ಕೆಳಗಿನಿಂದ, “ಹೊಡೀಬ್ಯಾಡವ್ವ, ಕೂಸು ಅದು,” ಎಂದು ಕೂಗಿದಳು. ಅವಳ ಕಣ್ಣಲ್ಲೂ ನೀರಿತ್ತು.

ನನ್ನ ಕೈಯಲ್ಲಿದ್ದ ದೋಸೆಯ ಮೇಲೆ ಬೆಣ್ಣೆ ಆರಿ ಹೆಪ್ಪುಗಟ್ಟುತ್ತಿತ್ತು. ‘ನಾನೇ’ ಎಂಬುದು ನಾನು ಹೇಳಬೇಕಾಗಿದ್ದ ಮಾತು. ಮೆಟ್ಟಿಲು ಹನ್ನೊಂದು. ಹತ್ತಿ ಹೋಗಿ ಬಾಗಿಲು ತಟ್ಟಲು ನಿಮಿಷವೂ ಬೇಕಿರಲಿಲ್ಲ. ನಾನು ಒಳಗೆ ಹೋಗಿ ತಟ್ಟೆ ತೊಳೆದಿಟ್ಟೆ.

ತಿಂಗಳ ಕೊನೆಗೆ ಮನೆ ಬಿಡಬೇಕೆಂದಾಯಿತು. ಅವ್ವ ಬೈಯಲಿಲ್ಲ, ರಂಪ ಮಾಡಲಿಲ್ಲ. ಮಾತು ಮಾತೇ ಎಂದಷ್ಟೇ ಹೇಳಿದಳು. ಸಾಮಾನು ತುಂಬುವ ದಿನ ಗುಲಾಬಿ ಗಿಡ ಕಾಂಪೌಂಡಿನ ಮೂಲೆಯಲ್ಲಿ ಬೇರು ಬಿಟ್ಟುಕೊಂಡು ಬಿದ್ದಿತ್ತು. “ಬಿಸಾಕೋದಾದ್ರೆ ನಂಗೆ ಕೊಡ್ರಿ ಅಕ್ಕಾರೆ,” ಎಂದು ಕೇಳಿ, ಅದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಆಟೋದಲ್ಲಿಟ್ಟುಕೊಂಡಳು. ಹುಡುಗಿ ನನಗೆ ಟಾಟಾ ಮಾಡಲಿಲ್ಲ. ನನ್ನ ಮೇಲಿನ ಸಿಟ್ಟಿಗಲ್ಲ, ಕಳ್ಳಿ ಎನಿಸಿಕೊಂಡ ನಾಚಿಕೆಗೆ. ತಲೆ ತಗ್ಗಿಸಿಕೊಂಡಿದ್ದಳು.

ಮರುದಿನ ಅವ್ವ ಬೋರ್ಡನ್ನು ಒರೆಸಿ ನನ್ನ ಮೇಜಿನ ಮೇಲಿಟ್ಟಳು. “ಬಣ್ಣ ಮಾಸೈತೆ, ತಿದ್ದು. ಈ ಸಲ ಮೊಟ್ಟೇನೂ ಇಲ್ಲ ಅಂತ ಸೇರಿಸು.”

ಸೇರಿಸಿದೆ. ‘ಮೊಟ್ಟೆ ಸಹ ತಿನ್ನದವರಿಗೆ ಆದ್ಯತೆ’ ಎಂದು. ‘ಮೊಟ್ಟೆ’ ಸ್ವಲ್ಪ ಬಲಕ್ಕೆ ಸರಿಯಿತೆಂದು ಅಳಿಸಿ, ಸ್ಕೇಲಿಟ್ಟು ಮತ್ತೆ ಬರೆದೆ. ಎರಡು ವಾರದಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಡ ಹೆಂಡತಿ ಬಂದರು. ಮೂರನೆಯ ಸಾಲು ನೋಡಿಯೇ ಒಳಗೆ ಬಂದೆವು ಎಂದರು.

ಆಮೇಲೆ ನಾನು ಮೊಟ್ಟೆ ತಿನ್ನಲಿಲ್ಲ. ಅದನ್ನು ನನ್ನ ಒಳ್ಳೆಯತನವೆಂದು ಯಾರೂ ತಿಳಿಯಬಾರದು. ಹುಂಜದ ಮರಿಯ ಮೇಲಿನ ಕರುಣೆಯಿಂದ ಬಿಟ್ಟಿದ್ದಲ್ಲ. ಇನ್ನು ಸಿಪ್ಪೆ ಸಿಕ್ಕರೆ ದೂರಲು ಮಹಡಿಯ ಮೇಲೆ ಈಗ ತಿನ್ನುವವರು ಯಾರೂ ಇಲ್ಲ ಎಂಬ ಲೆಕ್ಕದಿಂದ ಬಿಟ್ಟಿದ್ದು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಹರಿಹರದ ಸಂತೆಯಲ್ಲಿ ಆ ಹುಡುಗಿಯ ಅಮ್ಮನೇ ನನ್ನನ್ನು ಕಂಡು ಕೂಗಿದಳು.

“ಮಿಸ್! ಏನ್ರಿ, ನೋಡಿದ್ರೂ ನೋಡದಂಗೆ ಹೊಂಟೀರಿ! ಬರ್ರಿ, ಇಲ್ಲೇ ಮನೆ.”

ಹೊಳೆಯ ಕಡೆ ಹೋಗುವ ಓಣಿಯಲ್ಲಿ ಒಂದೇ ಕೋಣೆ, ಮುಂದೆ ಸಣ್ಣ ಜಗಲಿ. ಜಗಲಿಯ ಪಕ್ಕ ಎಣ್ಣೆಯ ಟಿನ್ನಿನಲ್ಲಿ ನಮ್ಮ ಗುಲಾಬಿ. ಅದರ ಬುಡದಲ್ಲಿ ಒಂದು ಕಂದು ಕೋಳಿ ಮಣ್ಣು ಕೆದರುತ್ತಿತ್ತು.

“ಕೂಡ್ರಿ. ಚಾ ಕುಡೀತೀರಾ ನಮ್ಮನ್ಯಾಗೆ?”

“ಕುಡೀತೀನಿ ಅಕ್ಕ.”

“ಈ ಮನೆ ಓನರು ಏನ್ ತಿಂತೀರಿ ಅಂತ ಕೇಳಲೇ ಇಲ್ಲ ನೋಡ್ರಿ. ನೀರು ಎಷ್ಟು ಬಿಂದಿಗೆ ಬೇಕು ಅಂತ ಕೇಳಿದ್ರು, ಅಷ್ಟೇ,” ಎಂದು ನಕ್ಕಳು. ಅಷ್ಟರಲ್ಲಿ ಹುಡುಗಿ ಶಾಲೆಯಿಂದ ಬಂದಳು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. “ಬಾರೇ, ಮಿಸ್ಸಕ್ಕ ಬಂದಾರೆ. ನೋಡ್ರಿ ಇವಳನ್ನ, ಇನ್ನೂ ಕಡ್ಡಿ. ಮನ್ಯಾಗೆ ಕೋಳಿ ಸಾಕೀನಿ, ತಿನ್ನೇ ಅಂದ್ರೆ ಬ್ಯಾಡ. ಇಲ್ಲಿ ಇಸ್ಕೂಲಾಗೂ ಹೋಗಿ ಬಾಳೆಹಣ್ಣಿನ ಸಾಲಿನ್ಯಾಗೇ ನಿಂತ್ಕೊಂತಾಳೆ. ಮೊಟ್ಟೆ ಕಂಡ್ರೆ ವಾಂತಿ ಬರುತ್ತಂತೆ. ಅವತ್ತು ಬಿದ್ದ ಏಟು ಹಂಗೈತೆ.”

ಚಹಾದ ಲೋಟವನ್ನು ಕೆಳಗಿಟ್ಟೆ. ಇಷ್ಟು ತಿಂಗಳು ಮನಸ್ಸಿನಲ್ಲಿ ಹೆಣೆದಿದ್ದ ವಾಕ್ಯಗಳು ಯಾವುವೂ ಬರಲಿಲ್ಲ.

“ಅಕ್ಕ, ಆ ಸಿಪ್ಪೆ ನಂದು.”

“ಯಾವ ಸಿಪ್ಪೆ?”

“ಗುಲಾಬಿ ಕುಂಡದ್ದು. ನಾನೇ ತಿಂತಿದ್ದೆ. ನಾನೇ ಹೂಳ್ತಿದ್ದೆ.”

ಅವಳು ಅರ್ಥವಾಗದವಳಂತೆ ನೋಡಿದಳು. ಆಮೇಲೆ ಅರ್ಥವಾಯಿತು. ಮುಖ ಮೊದಲು ಕೆಂಪಾಯಿತು, ಆಮೇಲೆ ಏನೂ ಇಲ್ಲದಂತಾಯಿತು.

“ನೀವು ಅಲ್ಲೇ ನಿಂತಿದ್ರಿ,” ಎಂದಳು.

“ಹೌದು.”

“ದೋಸೆ ತಟ್ಟೆ ಹಿಡ್ಕೊಂಡು.”

“ಹೌದು.”

“ನಂಗೆ ಹೇಳಬ್ಯಾಡ್ರಿ. ಇವಳಿಗೆ ಹೇಳ್ರಿ.”

ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆದರೂ ಅವಳ ಎದುರು ಕೂತು ಇನ್ನೊಮ್ಮೆ ಹೇಳಿದೆ. ಅವಳು ಹೆಗಲಿನ ಚೀಲ ಕೆಳಗಿಟ್ಟಳು.

“ಹಳದೀನೂ ತಿಂತಿದ್ರಾ?”

“ಹೂಂ.”

“ದಿನಾನೂ?”

“ವಾರಕ್ಕೆ ಮೂರು ಸಲ.”

ಅವಳು ಅಮ್ಮನ ಕಡೆ ತಿರುಗಿದಳು. “ನೋಡಿದ್ಯಾ? ನಾನಲ್ಲ ಅಂದಿದ್ದೆ. ಎಷ್ಟು ಸಲ ಅಂದೆ.” ಅಷ್ಟು ಹೇಳಿ ಅಳತೊಡಗಿದಳು. ಅವಳಮ್ಮ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು, ಅವಳ ತಲೆಯ ಮೇಲಿನಿಂದ ನನ್ನನ್ನು ನೋಡಿದಳು.

“ನಾವು ತಿಂದ್ರೆ ತಿಂತೀವಿ ಅಂತ ಹೇಳಿ ತಿಂತೀವಿ, ಮಿಸ್. ಬಿಡ್ತೀವಿ ಅಂದ್ರೆ ಬಿಡ್ತೀವಿ. ನಿಮ್ಮ ಮನಿ ಸಲುವಾಗಿ ಈ ಕೂಸಿನ ಬಾಯಿ ಕಟ್ಟಿದ್ದೆ ನಾನು. ನಿಮ್ಮವ್ವಾರಿಗೆ ಹೇಳ್ರಿ. ಮಾತು ತಪ್ಪಿದೋರು ಅಂತ ನಮ್ಮ ಹೆಸರು ಆ ಮನ್ಯಾಗೆ ಉಳೀಬಾರದು.”

ಕ್ಷಮೆ ಕೇಳಿದೆ. ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು.

ಅದೇ ಸಂಜೆ ಅವ್ವನಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಹಾಸ್ಟೆಲು, ಡಾಕ್ಟರು, ಗುಲಾಬಿ, ಆ ಹುಡುಗಿ, ಎಲ್ಲವನ್ನೂ ಹೇಳಿ ಮುಗಿಸಿದೆ. ಯಾಕೆ ಎಂದು ಕೇಳುತ್ತಾಳೆ ಎಂದುಕೊಂಡಿದ್ದೆ.

“ಯಾವ ಪಾತ್ರೆಯಾಗೆ?” ಎಂದು ಕೇಳಿದಳು.

“ನನ್ನ ಕೆಟಲ್‌ನಾಗೆ.”

ಅವಳ ಕೈ ನಿಂತಿತು. ಆ ಬೇಸಿಗೆಯಲ್ಲಿ ಅವಳಿಗೆ ಜ್ವರ ಬಂದಾಗ ನಾಲ್ಕು ದಿನ ಅದೇ ಕೆಟಲ್‌ನಿಂದ ಬಿಸಿನೀರು ಕೊಟ್ಟಿದ್ದೆ. ಇಬ್ಬರಿಗೂ ಒಟ್ಟಿಗೆ ನೆನಪಾಯಿತು. ಎದ್ದು ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದಳು. ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ.

ಮೂರನೆಯ ದಿನ ಬೆಳಗ್ಗೆ ಸ್ಟೀಲಿನ ಡಬ್ಬಿಯೊಂದನ್ನು ನನ್ನ ಬ್ಯಾಗಿನ ಪಕ್ಕ ಇಟ್ಟಳು. ತುಂಬ ಬೆಣ್ಣೆ, ಆಗಷ್ಟೇ ಕಡೆದದ್ದು.

“ಆ ಕೂಸಿಗೆ ಕೊಡು. ದೋಸೆಗೆ ಹಾಕಿ ಕೊಡಲಿ.”

“ನೀನು ಒಂದ್ಸಲ ಬಂದು ಮಾತಾಡಿದ್ರೆ...”

“ಬೆಣ್ಣೆ ಕೊಡು ಸಾಕು. ಮತ್ತೆ ಯಾರಿಗೂ ಏನೂ ಹೇಳಬ್ಯಾಡ. ಮೇಲಿನವರಿಗಂತೂ ಬ್ಯಾಡ.”

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಆನೆಕೊಂಡದ ಆ ಬೋಳು ತೊಗಲು ನೆನಪಾಯಿತು. ಅದೇ ಎಮ್ಮೆಯ ಹಾಲಿನ ಬೆಣ್ಣೆ. ಅದನ್ನೂ ಅವ್ವನಿಗೆ ಇನ್ನೂ ಹೇಳಿರಲಿಲ್ಲ.

ಹರಿಹರದಲ್ಲಿ ಹುಡುಗಿಯ ಅಮ್ಮ ಡಬ್ಬಿ ತೆಗೆದುಕೊಂಡು ಮೂಸಿ ನೋಡಿದಳು. “ಬೆಣ್ಣೆ ಚಲೋ ಐತೆ,” ಎಂದಳು. “ಅಕ್ಕಾರು ಏನಂದ್ರು?”

“ಏನೂ ಅನ್ನಲಿಲ್ಲ.”

“ಹೂಂ.”

ಮರುದಿನ ಸಂಜೆ ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಕಾದು ನಿಂತು ಡಬ್ಬಿ ವಾಪಸು ಕೊಟ್ಟಳು. ನಮ್ಮ ಕಡೆ ಇನ್ನೊಬ್ಬರ ಪಾತ್ರೆಯನ್ನು ಬರಿದು ಮಾಡಿ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಡಬ್ಬಿ ಕೈಗೆ ಭಾರವಾಗಿತ್ತು.

“ಅಲುಗಾಡಿಸಬ್ಯಾಡ್ರಿ,” ಎಂದಳು. “ತಿನ್ನೋದಾದ್ರೆ ಹೇಳಿ ತಿನ್ರಿ. ಬಿಡೋದಾದ್ರೂ ಹೇಳಿ ಬಿಡ್ರಿ.”

ಬಸ್ಸಿನಲ್ಲಿ ಮುಚ್ಚಳ ತೆರೆಯಲಿಲ್ಲ. ಮನೆಯಲ್ಲಿ ಅವ್ವ ಸಕ್ಕರೆ ಇರಬಹುದೆಂದು ತಾನೇ ತೆರೆದಳು. ಮಂಡಕ್ಕಿ. ಅದರ ನಡುವೆ ಒಡೆಯದಂತೆ ಹುದುಗಿಸಿಟ್ಟ ಎರಡು ಕಂದು ಮೊಟ್ಟೆ.

ಅವ್ವ ಡಬ್ಬಿಯನ್ನು ಹಿತ್ತಲಿಗೆ ಒಯ್ದು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟಳು. ನನ್ನ ಕೋಣೆಗೆ ಹೋಗಿ, ಮೇಜಿನ ಕೆಳಗಿಂದ ಕೆಟಲ್ ತಂದು ಅದರ ಪಕ್ಕ ಇಟ್ಟಳು. ವಾಷಿಂಗ್ ಮೆಷಿನ್ನಿಗೆಂದು ಹಾಕಿಸಿದ ಪ್ಲಗ್ಗು ಅಲ್ಲಿದೆ.

“ಬೇಕಾದ್ರೆ ಇಲ್ಲಿ ಮಾಡ್ಕೊ. ಒಳಗೆ ತರಬ್ಯಾಡ.”

ಇಷ್ಟೇ. ಒಂದು ಸಂಸಾರವನ್ನು ತಿಂಗಳೊಳಗೆ ಮನೆ ಬಿಡಿಸಿದ ನಿಯಮ ನನಗಾಗಿ ಹಿತ್ತಲ ಬಾಗಿಲಿನವರೆಗೆ ಸರಿದುಕೊಂಡಿತು. ನನಗೆ ಅವ್ವನ ಮೇಲೆ ಸಿಟ್ಟು ಬರಲಿಲ್ಲ. ಆ ಜಾಗವನ್ನು ನಾನು ಆ ಹುಡುಗಿಗಾಗಿ ಮೊದಲೇ ಅವ್ವನನ್ನು ಕೇಳಬಹುದಿತ್ತು.

ಮೊಟ್ಟೆ ತಿನ್ನುವುದು ಸರಿಯೋ ತಪ್ಪೋ ನನಗೆ ಈಗಲೂ ಖಚಿತವಿಲ್ಲ. ಹಾಲಿನದೂ ಇಲ್ಲ. ಆ ಎರಡನ್ನು ಎಸೆಯಲು ಮಾತ್ರ ಮನಸ್ಸಾಗಲಿಲ್ಲ. ಕೆಟಲ್‌ಗೆ ನೀರು ತುಂಬಿ, ಮೊಟ್ಟೆಗಳನ್ನು ಇಳಿಬಿಟ್ಟು ಸ್ವಿಚ್ಚು ಒತ್ತಿದೆ. ಅವ್ವ ಬಾಗಿಲಲ್ಲಿ ನಿಂತಿದ್ದಳು. ಮೇಲೆ ಬ್ಯಾಂಕಿನವರ ಹೆಂಡತಿ ಒಣಗಿದ ಬಟ್ಟೆ ತೆಗೆಯುತ್ತಿದ್ದವರು ಬಗ್ಗಿ ನೋಡಿದರು.

“ಏನ್ ಮೇಡಂ, ಹಿತ್ತಲಲ್ಲಿ ಕಾಫೀನಾ? ನಮಗಿಲ್ವಾ?”

ಅವ್ವ ನನ್ನ ಮುಖ ನೋಡಿದಳು. ಕಾಫಿ ಎಂದುಬಿಡು ಎಂಬುದು ಆ ಕಣ್ಣಲ್ಲಿ ಸ್ಪಷ್ಟವಾಗಿತ್ತು.

“ಕಾಫಿ ಅಲ್ಲ, ಮೊಟ್ಟೆ,” ಎಂದೆ. ದನಿ ಸಣ್ಣದಾಗಿತ್ತು, ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. “ಮೊಟ್ಟೆ. ತಿನ್ನೋದು ನಾನೇ.”

ಮೇಲೆ ಬಟ್ಟೆ ತೆಗೆಯುತ್ತಿದ್ದ ಕೈ ನಿಂತಿತು. ಅವ್ವ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನೀರು ಇನ್ನೂ ಕುದಿಯಲು ಹತ್ತಿರಲಿಲ್ಲ. ಕಲ್ಲಿನ ಮೇಲೆ ಕೂತು ಕಾದೆ.